ಕಿಲಿಯನ್ ಮರ್ಫಿ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕು? ಹೊಸ ವೀಕ್ಷಕರಿಗೊಂದು ಮಾರ್ಗದರ್ಶಿ

2023ರ ಜುಲೈ 21ರಂದು ‘ಓಪನ್‌ಹೈಮರ್’ ನಮ್ಮ ಚಿತ್ರಮಂದಿರಗಳಿಗೆ ಬಂದ ಮೇಲೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಅಣುಬಾಂಬಿನ ವಿಜ್ಞಾನಿಯಾಗಿ ನಟಿಸಿದ ಆ ಐರಿಷ್ ನಟನ ಬೇರೆ ಯಾವ ಚಿತ್ರಗಳನ್ನು ನೋಡಬೇಕು, ಯಾವುದರಿಂದ ಆರಂಭಿಸಬೇಕು? 2024ರ ಮಾರ್ಚ್‌ನಲ್ಲಿ ಕಿಲಿಯನ್ ಮರ್ಫಿ ಅವರಿಗೆ ಅತ್ಯುತ್ತಮ ನಟ ಆಸ್ಕರ್ ದೊರೆತ ನಂತರ ಈ ಪ್ರಶ್ನೆ ಇನ್ನಷ್ಟು ಹೆಚ್ಚಿತು. ಐರ್ಲೆಂಡ್‌ನಲ್ಲಿ ಹುಟ್ಟಿದ ನಟರೊಬ್ಬರಿಗೆ ಆ ವಿಭಾಗದಲ್ಲಿ ಸಂದ ಮೊದಲ ಆಸ್ಕರ್ ಅದು. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಸಾಮಾನ್ಯವಾಗಿ ಸಿಗುವ ಸಲಹೆ ಎರಡು ಬಗೆಯದು. ಹೆಸರುವಾಸಿಯಾದ ಚಿತ್ರಗಳನ್ನು ಮೊದಲು ನೋಡಿ ಎನ್ನುವುದು ಒಂದು. ಬಿಡುಗಡೆಯಾದ ವರ್ಷದ ಕ್ರಮದಲ್ಲಿ ನೋಡಿ ಎನ್ನುವುದು ಇನ್ನೊಂದು. ಎರಡೂ ಹೊಸಬರನ್ನು ದಾರಿ ತಪ್ಪಿಸುತ್ತವೆ. ಹೆಸರುವಾಸಿಯಾದ ಚಿತ್ರಗಳಲ್ಲಿ ಬಹುಪಾಲಿನಲ್ಲಿ ಮರ್ಫಿ ಅವರ ಪಾತ್ರ ಚಿಕ್ಕದು. ಮೊದಮೊದಲ ಚಿತ್ರಗಳು ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಅವುಗಳ ಭಾಷೆ ಹೊಸ ಕಿವಿಗೆ ದಕ್ಕುವುದಿಲ್ಲ. ಈ ನಟನ ಬೇರು ಇರುವುದು ಐರ್ಲೆಂಡ್‌ನ ದಕ್ಷಿಣ ತುದಿಯ ಕಾರ್ಕ್ ನಗರದ ರಂಗಭೂಮಿಯಲ್ಲಿ. ಅಲ್ಲಿ ಅವರಿಗೆ ಜೊತೆಯಾದ ಜನರೇ ಮೂವತ್ತು ವರ್ಷಗಳ ನಂತರವೂ ಅವರ ಅತ್ಯುತ್ತಮ ಕೆಲಸದಲ್ಲಿ ಜೊತೆಗಿದ್ದಾರೆ. ಆದ್ದರಿಂದ ಕಾರ್ಕ್‌ನ ಮೂಲಕ ಒಳಹೊಕ್ಕು, ಹಾಲಿವುಡ್ ದಾಟಿ, ಮತ್ತೆ ಐರ್ಲೆಂಡ್‌ಗೆ ಬರುವ ಕ್ರಮವನ್ನು ನಾನು ಸೂಚಿಸುತ್ತೇನೆ.

ನೋಡಲು ಕೂರುವ ಮೊದಲು

ಮೊದಲ ಅಗತ್ಯ ಉಪಶೀರ್ಷಿಕೆ, ಅಂದರೆ ತೆರೆಯ ಕೆಳಭಾಗದಲ್ಲಿ ಮೂಡುವ ಸಂಭಾಷಣೆಯ ಬರಹ. ಅಮೆರಿಕನ್ ಇಂಗ್ಲಿಷ್‌ಗೆ ಪಳಗಿದ ನಮ್ಮ ಕಿವಿಗೆ ಕಾರ್ಕ್ ಸೀಮೆಯ ಇಂಗ್ಲಿಷ್ ಥಟ್ಟನೆ ಹಿಡಿಯುವುದಿಲ್ಲ. ಅದರ ಓಟವೂ ರಾಗವೂ ಬೇರೆ. ಕನ್ನಡ ಉಪಶೀರ್ಷಿಕೆ ಇರುವುದು ಅಪರೂಪವಾದ್ದರಿಂದ ಇಂಗ್ಲಿಷ್ ಉಪಶೀರ್ಷಿಕೆಯನ್ನು ಸಂಕೋಚವಿಲ್ಲದೆ ಹಾಕಿಕೊಳ್ಳಿ. ಡಬ್ ಆದ ಆವೃತ್ತಿಯನ್ನು ಮಾತ್ರ ಆರಿಸಬೇಡಿ. ಮರ್ಫಿ ಪಾತ್ರದಿಂದ ಪಾತ್ರಕ್ಕೆ ದನಿಯನ್ನೇ ಬದಲಿಸುವ ನಟ. ಬೇರೆಯವರ ದನಿಯಲ್ಲಿ ಅವರನ್ನು ನೋಡಿದರೆ ಅಭಿನಯದ ಅರ್ಧ ಭಾಗ ನಿಮಗೆ ತಲುಪುವುದೇ ಇಲ್ಲ.

ಎರಡನೆಯ ಅಗತ್ಯ ಐರ್ಲೆಂಡ್‌ನ ಇತಿಹಾಸದ ಅಲ್ಪ ಪರಿಚಯ. ಶತಮಾನಗಳ ಕಾಲ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಆ ದೇಶದಲ್ಲಿ 1916ರ ಈಸ್ಟರ್ ದಂಗೆಯ ನಂತರ 1919ರಿಂದ 1921ರವರೆಗೆ ಸ್ವಾತಂತ್ರ್ಯ ಸಮರ ನಡೆಯಿತು. 1921ರ ಡಿಸೆಂಬರ್ 6ರಂದು ಸಹಿಯಾದ ಒಪ್ಪಂದ ಐರ್ಲೆಂಡ್‌ಗೆ ಸೀಮಿತ ಸ್ವಾತಂತ್ರ್ಯವನ್ನಷ್ಟೇ ಕೊಟ್ಟಿತು. ಉತ್ತರದ 6 ಕೌಂಟಿಗಳು, ಅಂದರೆ ಜಿಲ್ಲೆಗಳು, ಬ್ರಿಟನ್ ಜೊತೆಯಲ್ಲೇ ಉಳಿದವು. ಆ ಒಪ್ಪಂದವನ್ನು ಒಪ್ಪಿದವರಿಗೂ ಒಪ್ಪದವರಿಗೂ ನಡುವೆ 1922ರ ಜೂನ್‌ನಿಂದ 1923ರ ಮೇವರೆಗೆ ಅಂತರ್ಯುದ್ಧವಾಯಿತು. ಉತ್ತರ ಐರ್ಲೆಂಡ್‌ನಲ್ಲಿ 1960ರ ದಶಕದ ಕೊನೆಯಿಂದ 1998ರ ಶಾಂತಿ ಒಪ್ಪಂದದವರೆಗೆ ನಡೆದ ಹಿಂಸಾಚಾರದ ಕಾಲವನ್ನು ‘ಟ್ರಬಲ್ಸ್’ ಎಂದು ಕರೆಯುತ್ತಾರೆ. ಭಾರತದಲ್ಲಿ 1916ರಲ್ಲಿ ತಿಲಕರೂ ಆನಿ ಬೆಸೆಂಟರೂ ಕಟ್ಟಿದ ಹೋಂ ರೂಲ್ ಚಳವಳಿಗೆ ಹೆಸರು ಬಂದದ್ದು ಐರ್ಲೆಂಡ್‌ನಿಂದಲೇ. ದೇಶ ವಿಭಜನೆಯ ನೋವನ್ನು ಬಲ್ಲ ನಮಗೆ ಈ ಚಿತ್ರಗಳ ಸಂಕಟ ಅರ್ಥವಾಗುವುದು ಕಷ್ಟವೇನಲ್ಲ.

ಮೂರನೆಯದಾಗಿ, ಚಿತ್ರ ಎಲ್ಲಿ ಸಿಗುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಒಟಿಟಿ ವೇದಿಕೆಗಳಲ್ಲಿ ಪ್ರದರ್ಶನದ ಹಕ್ಕು ಕೈ ಬದಲಾಗುತ್ತಲೇ ಇರುತ್ತದೆ. ಈ ತಿಂಗಳು ಇದ್ದ ಚಿತ್ರ ಮುಂದಿನ ತಿಂಗಳು ಇರಲಾರದು. ಒಂದು ಹಂತದ ಚಿತ್ರ ಸಿಗದಿದ್ದರೆ ಮುಂದಿನದಕ್ಕೆ ಹೋಗಿ, ಸಿಕ್ಕಾಗ ಹಿಂದಿರುಗಿ. ಇಲ್ಲಿ ಹೇಳುವ ಹಲವು ಚಿತ್ರಗಳಲ್ಲಿ ತೀವ್ರ ಹಿಂಸೆಯಿದೆ. ಚಿಕ್ಕ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವ ಮುನ್ನ ವಯೋಮಿತಿಯ ಸೂಚನೆಯನ್ನು ಓದಿ.

ಹಂತ 1: ‘ದ ವಿಂಡ್ ದಟ್ ಶೇಕ್ಸ್ ದ ಬಾರ್ಲಿ’ (2006)

ಇದರಿಂದಲೇ ಆರಂಭಿಸಿ. ಕೆನ್ ಲೋಚ್ ನಿರ್ದೇಶಿಸಿದ, ಪಾಲ್ ಲಾವರ್ಟಿ ಬರೆದ ಈ ಚಿತ್ರಕ್ಕೆ 2006ರ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಸಂದಿತು. ಕಥೆ ನಡೆಯುವುದೂ ಚಿತ್ರೀಕರಣ ನಡೆದದ್ದೂ ಕಾರ್ಕ್ ಸೀಮೆಯಲ್ಲಿ; ಮರ್ಫಿ ತಮ್ಮ ಊರಿನ ಮಾತಿನಲ್ಲೇ ಇಲ್ಲಿ ಮಾತನಾಡುತ್ತಾರೆ. ಡೇಮಿಯನ್ ಎಂಬ ಯುವ ವೈದ್ಯ ಲಂಡನ್ನಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿರುತ್ತಾನೆ. ಸೈನಿಕರನ್ನು ರೈಲಿಗೆ ಹತ್ತಿಸಿಕೊಳ್ಳಲು ನಿರಾಕರಿಸಿದ ರೈಲ್ವೆ ಕಾರ್ಮಿಕರನ್ನು ನಿಲ್ದಾಣದಲ್ಲಿ ಥಳಿಸುವುದನ್ನು ಕಂಡು ಅವನು ಊರಿನಲ್ಲೇ ಉಳಿಯುತ್ತಾನೆ, ಬಂದೂಕು ಹಿಡಿಯುತ್ತಾನೆ. ಮುಂದೆ ಒಪ್ಪಂದದ ಪ್ರಶ್ನೆ ಬಂದಾಗ ಅವನೂ ಅವನ ಅಣ್ಣ ಟೆಡ್ಡಿಯೂ ಎದುರುಬದುರಾಗುತ್ತಾರೆ.

ಲೋಚ್ ಕೆಲಸ ಮಾಡುವ ರೀತಿಯನ್ನು ತಿಳಿದು ನೋಡಿದರೆ ಅಭಿನಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅವರು ದೃಶ್ಯಗಳನ್ನು ಕಥೆಯ ಕ್ರಮದಲ್ಲೇ ಚಿತ್ರಿಸುತ್ತಾರೆ. ಪೂರ್ತಿ ಚಿತ್ರಕಥೆಯನ್ನು ನಟರ ಕೈಗೆ ಕೊಡದೆ ಮುಂದೇನಾಗುತ್ತದೆ ಎಂಬುದನ್ನು ಆಯಾ ಹೊತ್ತಿಗೆ ತಿಳಿಸುತ್ತಾರೆ. ಹೀಗಾಗಿ ತೆರೆಯ ಮೇಲೆ ಕಾಣುವ ದಿಗಿಲಿನಲ್ಲಿ ಲೆಕ್ಕಾಚಾರ ಕಡಿಮೆ. ಚಿಕ್ಕಂದಿನಿಂದ ತಾನು ಬಲ್ಲ ಹುಡುಗನೊಬ್ಬನನ್ನು ದ್ರೋಹದ ಶಿಕ್ಷೆಯಾಗಿ ಕೊಲ್ಲಬೇಕಾದ ಹೊಣೆ ಡೇಮಿಯನ್ ಮೇಲೆ ಬೀಳುವ ಬೆಟ್ಟದ ದೃಶ್ಯವನ್ನು ಎಚ್ಚರದಿಂದ ಗಮನಿಸಿ. ಅಲ್ಲಿ ಮರ್ಫಿ ಅಳುವುದಿಲ್ಲ, ಕೂಗುವುದಿಲ್ಲ. ನಡಿಗೆ ಮಾತ್ರ ಬದಲಾಗುತ್ತದೆ. ಈ ನಟನ ಎಲ್ಲ ದೊಡ್ಡ ಪಾತ್ರಗಳ ಬೀಜ ಆ ಕೆಲವು ನಿಮಿಷಗಳಲ್ಲಿದೆ ಎಂದು ನಾನು ನಂಬಿದ್ದೇನೆ.

ಎಚ್ಚರಿಕೆ: ಚಿತ್ರದ ನಡುವೆ ಜಮೀನು, ನ್ಯಾಯಾಲಯ, ಒಪ್ಪಂದದ ಷರತ್ತುಗಳ ಕುರಿತು ದೀರ್ಘ ಚರ್ಚೆಗಳಿವೆ. ಕಥೆ ನಿಂತಿತೆಂದು ಅವಸರಪಟ್ಟು ಅವನ್ನು ಓಡಿಸಬೇಡಿ. ಅಣ್ಣತಮ್ಮಂದಿರು ಬೇರೆಯಾಗುವುದಕ್ಕೆ ಕಾರಣ ಇರುವುದು ಆ ಮಾತುಗಳಲ್ಲಿಯೇ.

ಹಂತ 2: ಕಾರ್ಕ್‌ನ ದಿನಗಳು ಮತ್ತು ‘ಡಿಸ್ಕೊ ಪಿಗ್ಸ್’

ಈಗ ಸ್ವಲ್ಪ ನಿಂತು ಬದುಕಿನ ವಿವರಗಳನ್ನು ತಿಳಿದುಕೊಳ್ಳಿ. ಮರ್ಫಿ ಹುಟ್ಟಿದ್ದು 1976ರ ಮೇ 25ರಂದು, ಕಾರ್ಕ್ ನಗರದ ಅಂಚಿನ ಡಗ್ಲಸ್‌ನಲ್ಲಿ. ತಂದೆ ಶಿಕ್ಷಣ ಇಲಾಖೆಯಲ್ಲಿದ್ದರು, ತಾಯಿ ಫ್ರೆಂಚ್ ಕಲಿಸುವ ಶಿಕ್ಷಕಿ. ಪ್ರೆಸೆಂಟೇಷನ್ ಬ್ರದರ್ಸ್ ಕಾಲೇಜು ಎಂಬ ಶಾಲೆಯಲ್ಲಿ ಓದುವಾಗ ಕಾರ್ಕಡೋರ್ಕ ನಾಟಕ ತಂಡದ ನಿರ್ದೇಶಕ ಪ್ಯಾಟ್ ಕೀರ್ನನ್ ನಡೆಸಿದ ನಾಟಕದ ತರಗತಿ ಅವರಿಗೆ ಮೊದಲ ಬಾರಿಗೆ ರಂಗದ ರುಚಿ ಹತ್ತಿಸಿತು. ಆದರೂ ಹದಿಹರೆಯದಲ್ಲಿ ಅವರ ಆಸೆಯೆಲ್ಲ ಸಂಗೀತದ ಮೇಲಿತ್ತು. ಕಿರಿಯ ಸಹೋದರ ಪಾಡಿಯ ಜೊತೆ ಸೇರಿ ಕಟ್ಟಿದ ರಾಕ್ ಬ್ಯಾಂಡಿಗೆ ಲಂಡನ್ನಿನ ಆ್ಯಸಿಡ್ ಜಾಝ್ ಸಂಸ್ಥೆ 5 ಆಲ್ಬಮ್‌ಗಳ ಒಪ್ಪಂದವನ್ನು ಮುಂದಿಟ್ಟಿತು. ಪಾಡಿ ಇನ್ನೂ ಶಾಲೆಯಲ್ಲಿದ್ದುದು ಸೇರಿದಂತೆ ಹಲವು ಕಾರಣಗಳಿಂದ ಅವರು ಅದಕ್ಕೆ ಸಹಿ ಹಾಕಲಿಲ್ಲ. ಯೂನಿವರ್ಸಿಟಿ ಕಾಲೇಜ್ ಕಾರ್ಕ್‌ನಲ್ಲಿ ಕಾನೂನು ಓದಲು ಸೇರಿದರಾದರೂ ಮೊದಲ ವರ್ಷದ ಪರೀಕ್ಷೆಯಲ್ಲೇ ಅನುತ್ತೀರ್ಣರಾದರು.

ಅದೇ 1996ರಲ್ಲಿ, ಕೀರ್ನನ್ ಅವರ ಬೆನ್ನು ಬಿಡದೆ ಕೇಳಿ ಕೇಳಿ, ಎಂಡ ವಾಲ್ಶ್ ಬರೆದ ‘ಡಿಸ್ಕೊ ಪಿಗ್ಸ್’ ನಾಟಕದಲ್ಲಿ ಪಾತ್ರ ಪಡೆದರು. ರಂಗದ ಮೇಲೆ ಇಬ್ಬರೇ: ಮರ್ಫಿ ಮತ್ತು ಐಲೀನ್ ವಾಲ್ಶ್. ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿ, ತಮ್ಮಿಬ್ಬರಿಗೆ ಮಾತ್ರ ತಿಳಿಯುವ ನುಡಿಯಲ್ಲಿ ಬೆಳೆದ ಹುಡುಗ ಹುಡುಗಿಯ ಕಥೆ ಅದು. ಕೆಲವೇ ವಾರಗಳಿಗೆಂದು ಆರಂಭವಾದ ಪ್ರದರ್ಶನ ಯುರೋಪ್, ಕೆನಡಾ, ಆಸ್ಟ್ರೇಲಿಯಾಗಳನ್ನು ಸುತ್ತುತ್ತಾ ಎರಡು ವರ್ಷ ನಡೆಯಿತು. ಕಾನೂನಿನ ಓದು ಅಲ್ಲಿಗೆ ನಿಂತಿತು. ಎಂಡ ವಾಲ್ಶ್, ಐಲೀನ್ ವಾಲ್ಶ್: ಈ ಎರಡು ಹೆಸರುಗಳನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈ ನಾಟಕ 2001ರಲ್ಲಿ ಕರ್ಸ್ಟನ್ ಶೆರಿಡನ್ ನಿರ್ದೇಶನದಲ್ಲಿ ಚಿತ್ರವಾಯಿತು. ಮರ್ಫಿ ಉಳಿದರು, ಹುಡುಗಿಯ ಪಾತ್ರಕ್ಕೆ ಇಲೇನ್ ಕ್ಯಾಸಿಡಿ ಬಂದರು. ಚಿತ್ರ ಸಿಕ್ಕರೆ ನೋಡಿ, ಆದರೆ ಇದನ್ನು ಮೊದಲ ಚಿತ್ರವಾಗಿ ಎಂದೂ ಆರಿಸಬೇಡಿ. ಹಲವರು ಮಾಡುವ ತಪ್ಪು ಇದೇ. ಇಬ್ಬರ ಆ ಒಳಗಿನ ನುಡಿ ಐರ್ಲೆಂಡ್‌ನವರಿಗೇ ಪೂರ್ತಿ ತಿಳಿಯದಂಥದ್ದು; ಹತ್ತು ನಿಮಿಷಕ್ಕೆ ಸೋತು ಚಿತ್ರವನ್ನೂ ನಟನನ್ನೂ ಕೈಬಿಟ್ಟವರಿದ್ದಾರೆ. ಮೊದಲ ಹಂತ ಮುಗಿಸಿ ಬಂದಿದ್ದರೆ ಕಿವಿ ಸಿದ್ಧವಾಗಿರುತ್ತದೆ.

ರಂಗಭೂಮಿಯ ಬಗ್ಗೆ ಇಲ್ಲಿಯೇ ಒಂದು ಮಾತು. ಮರ್ಫಿ ನಾಟಕವನ್ನು ಬಿಟ್ಟವರಲ್ಲ. 2004ರಲ್ಲಿ ಗ್ಯಾರಿ ಹೈನ್ಸ್ ನಿರ್ದೇಶನದಲ್ಲಿ ಜೆ. ಎಂ. ಸಿಂಗ್ ಅವರ ‘ದ ಪ್ಲೇಬಾಯ್ ಆಫ್ ದ ವೆಸ್ಟರ್ನ್ ವರ್ಲ್ಡ್’ನಲ್ಲಿ ನಾಯಕನಾದರು. 2011ರಲ್ಲಿ ಗಾಲ್ವೆಯಲ್ಲಿ ಎಂಡ ವಾಲ್ಶ್ ಅವರ ಏಕವ್ಯಕ್ತಿ ನಾಟಕ ‘ಮಿಸ್ಟರ್‌ಮ್ಯಾನ್’, 2014ರಲ್ಲಿ ಅವರದೇ ‘ಬ್ಯಾಲಿಟರ್ಕ್’, 2018ರಲ್ಲಿ ಮ್ಯಾಕ್ಸ್ ಪೋರ್ಟರ್ ಅವರ ಕೃತಿಯಿಂದ ವಾಲ್ಶ್ ರೂಪಿಸಿದ ‘ಗ್ರೀಫ್ ಈಸ್ ದ ಥಿಂಗ್ ವಿತ್ ಫೆದರ್ಸ್’. ಇವುಗಳನ್ನು ನಾವಿಲ್ಲಿ ಕುಳಿತು ನೋಡುವಂತಿಲ್ಲ. ಆದರೆ ಹಾಲಿವುಡ್‌ನಲ್ಲಿ ಹೆಸರು ಮಾಡಿದ ಮೇಲೂ ಒಬ್ಬರೇ ರಂಗದ ಮೇಲೆ ನಿಂತು ಇಡೀ ನಾಟಕವನ್ನು ಹೊತ್ತ ನಟ ಇವರು ಎಂಬುದು ತಿಳಿದಿದ್ದರೆ, ತೆರೆಯ ಮೇಲಿನ ಅವರ ದೇಹದ ಹಿಡಿತ ಎಲ್ಲಿಂದ ಬಂತೆಂಬುದು ಗೊತ್ತಾಗುತ್ತದೆ.

ಹಂತ 3: ಡ್ಯಾನಿ ಬಾಯ್ಲ್ ಅವರ ಎರಡು ಚಿತ್ರಗಳು

2002ರ ‘28 ಡೇಸ್ ಲೇಟರ್’ ಮರ್ಫಿ ಅವರನ್ನು ಜಗತ್ತಿಗೆ ತೋರಿಸಿತು. ಸೈಕಲ್ಲಿನಲ್ಲಿ ಪಾರ್ಸಲ್ ಒಯ್ಯುವ ಜಿಮ್ ಎಂಬ ಯುವಕ ಅಪಘಾತದ ನಂತರದ ಕೋಮಾದಿಂದ ಎಚ್ಚರಗೊಳ್ಳುವಷ್ಟರಲ್ಲಿ ಲಂಡನ್ ನಿರ್ಜನವಾಗಿರುತ್ತದೆ. ಖಾಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಆ ಪ್ರಸಿದ್ಧ ದೃಶ್ಯಗಳನ್ನು ನಸುಕಿನಲ್ಲಿ, ರಸ್ತೆ ಸಂಚಾರವನ್ನು ಅಲ್ಪ ಹೊತ್ತು ತಡೆದು, ಸಣ್ಣ ಡಿಜಿಟಲ್ ವಿಡಿಯೊ ಕ್ಯಾಮೆರಾಗಳಲ್ಲಿ ಸೆರೆಹಿಡಿದರು. ಚಿತ್ರದ ಬಿಂಬ ಒರಟಾಗಿ ಕಾಣಲು ಅದೇ ಕಾರಣ. ನಿಮ್ಮ ಪರದೆಯ ದೋಷವಲ್ಲ. ರಕ್ತಪಾತ ವಿಪರೀತ ಇರುವುದರಿಂದ ಭಯಾನಕ ಚಿತ್ರಗಳನ್ನು ತಾಳಲಾರದವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

2007ರ ‘ಸನ್‌ಶೈನ್’ ಅನ್ನು ಮಾತ್ರ ಬಿಡಬೇಡಿ. ನಂದುತ್ತಿರುವ ಸೂರ್ಯನನ್ನು ಮತ್ತೆ ಹೊತ್ತಿಸಲು ಬೃಹತ್ ಬಾಂಬನ್ನು ಒಯ್ಯುವ ನೌಕೆಯಲ್ಲಿ ರಾಬರ್ಟ್ ಕಾಪ ಎಂಬ ಭೌತವಿಜ್ಞಾನಿಯ ಪಾತ್ರ ಮರ್ಫಿ ಅವರದು. ಸಿದ್ಧತೆಗಾಗಿ ಅವರು ಭೌತವಿಜ್ಞಾನಿ ಬ್ರಯಾನ್ ಕಾಕ್ಸ್ ಅವರ ಜೊತೆ ಕಳೆದು ವಿಜ್ಞಾನಿಗಳ ಮಾತು, ಹಾವಭಾವಗಳನ್ನು ಗಮನಿಸಿದರು. ಬಾಂಬಿನ ಹೊಣೆ ಹೊತ್ತ ಭೌತವಿಜ್ಞಾನಿಯನ್ನು ಅವರು 16 ವರ್ಷಗಳ ನಂತರ ಮತ್ತೊಮ್ಮೆ ಅಭಿನಯಿಸಿದರಲ್ಲವೇ? ಎರಡನ್ನೂ ಹೋಲಿಸಿ ನೋಡುವವರಿಗೆ ಕಾಪನಲ್ಲಿ ಯೌವನದ ನಿಶ್ಚಯವೂ ಓಪನ್‌ಹೈಮರ್‌ನಲ್ಲಿ ಆ ನಿಶ್ಚಯದ ಬಿರುಕೂ ಕಾಣಿಸುತ್ತವೆ. ಕೊನೆಯ ಮೂರನೇ ಒಂದು ಭಾಗ ಬೇರೆಯೇ ಬಗೆಯ ಚಿತ್ರವಾಗಿ ತಿರುಗುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ, ಆದರೂ ಅಲ್ಲಿಯವರೆಗಿನ ಅನುಭವ ಅಪೂರ್ವ.

ಹಂತ 4: 2005ರ ಮೂರು ಮುಖಗಳು

ಒಂದೇ ವರ್ಷದಲ್ಲಿ ಬಂದ ಮೂರು ಚಿತ್ರಗಳನ್ನು ಒಂದು ವಾರದೊಳಗೆ ನೋಡಿ. ನಡುವೆ ಬಹಳ ಅಂತರ ಬಿಟ್ಟರೆ ಹೋಲಿಕೆ ಕೈತಪ್ಪುತ್ತದೆ. ‘ಬ್ಯಾಟ್‌ಮನ್ ಬಿಗಿನ್ಸ್’ನಲ್ಲಿ ಭಯವನ್ನೇ ಆಯುಧವಾಗಿಸಿಕೊಂಡ ಮನೋವೈದ್ಯ, ವೆಸ್ ಕ್ರೇವನ್ ಅವರ ‘ರೆಡ್ ಐ’ನಲ್ಲಿ ವಿಮಾನದ ಪಕ್ಕದ ಸೀಟಿನಲ್ಲಿ ಕುಳಿತು ನಯವಾಗಿ ಮಾತನಾಡುತ್ತಲೇ ಬೆದರಿಸುವ ಹಂತಕ, ನೀಲ್ ಜೋರ್ಡನ್ ಅವರ ‘ಬ್ರೇಕ್‌ಫಾಸ್ಟ್ ಆನ್ ಪ್ಲೂಟೊ’ದಲ್ಲಿ ಕಿಟನ್.

ಈ ಮೂರನೆಯದಕ್ಕೆ ಹೆಚ್ಚು ಸಮಯ ಕೊಡಿ. ಪ್ಯಾಟ್ರಿಕ್ ಮೆಕೇಬ್ ಅವರ ಕಾದಂಬರಿಯನ್ನು ಆಧರಿಸಿದ ಇದರಲ್ಲಿ, ಹೆಣ್ಣಾಗಿ ಬದುಕಬಯಸುವ ಕಿಟನ್ ಎಪ್ಪತ್ತರ ದಶಕದಲ್ಲಿ ಉತ್ತರ ಐರ್ಲೆಂಡ್ ಗಡಿಯ ಊರನ್ನು ಬಿಟ್ಟು, ತನ್ನನ್ನು ತೊರೆದ ತಾಯಿಯನ್ನು ಹುಡುಕುತ್ತಾ ಲಂಡನ್ ಸೇರುತ್ತಾಳೆ. ಸುತ್ತ ಬಾಂಬುಗಳು ಸಿಡಿಯುತ್ತಿರುವಾಗಲೂ ಅವಳು ತನ್ನ ಮೃದುತ್ವವನ್ನು ಬಿಟ್ಟುಕೊಡುವುದಿಲ್ಲ. ಇಂಥ ಪಾತ್ರವನ್ನು ನಗೆಪಾಟಲು ಮಾಡುವುದು ಸುಲಭ. ನಮ್ಮ ಚಿತ್ರಗಳಲ್ಲೂ ಅದನ್ನು ಬೇಕಾದಷ್ಟು ಕಂಡಿದ್ದೇವೆ. ಮರ್ಫಿ ಒಂದು ಕ್ಷಣವೂ ಕಿಟನ್‌ಳನ್ನು ಹೊರಗಿನಿಂದ ನೋಡುವುದಿಲ್ಲ. ಈ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನವೂ ಐರಿಷ್ ಚಲನಚಿತ್ರ ಮತ್ತು ದೂರದರ್ಶನ ಅಕಾಡೆಮಿಯ ಅತ್ಯುತ್ತಮ ನಟ ಪ್ರಶಸ್ತಿಯೂ ದೊರೆತವು. ಲಿಯಮ್ ನೀಸನ್, ಬ್ರೆಂಡನ್ ಗ್ಲೀಸನ್, ಸ್ಟೀಫನ್ ರೇ ಮೂವರೂ ಇದರಲ್ಲಿದ್ದಾರೆ. ಐರಿಷ್ ನಟರ ಹಿಂದಿನ ತಲೆಮಾರನ್ನು ಅರಿಯಬಯಸುವವರಿಗೆ ಒಂದೇ ಚಿತ್ರದಲ್ಲಿ ಮೂರು ಬಾಗಿಲು ತೆರೆದಂತೆ.

ಹಂತ 5: ನೋಲನ್ ಅವರ ಚಿತ್ರಗಳ ಚಿಕ್ಕ ಪಾತ್ರಗಳು

ಕ್ರಿಸ್ಟೊಫರ್ ನೋಲನ್ ಅವರ ಜೊತೆ ಮರ್ಫಿ 6 ಚಿತ್ರಗಳಲ್ಲಿ ಕೆಲಸ ಮಾಡಿದ್ದಾರೆ: ಬ್ಯಾಟ್‌ಮನ್ ಸರಣಿಯ ಮೂರು, ‘ಇನ್‌ಸೆಪ್ಷನ್’ (2010), ‘ಡನ್‌ಕರ್ಕ್’ (2017), ‘ಓಪನ್‌ಹೈಮರ್’. ಮೊದಲು ಅವರು ಬ್ಯಾಟ್‌ಮನ್ ಪಾತ್ರಕ್ಕೇ ಸ್ಕ್ರೀನ್ ಟೆಸ್ಟ್ ಕೊಟ್ಟಿದ್ದರು, ಎಂದರೆ ಪಾತ್ರಕ್ಕೆ ಒಪ್ಪುತ್ತಾರೆಯೇ ಎಂದು ಕ್ಯಾಮೆರಾ ಮುಂದೆ ಪರೀಕ್ಷಿಸಲು ಅಭಿನಯಿಸಿ ತೋರಿಸಿದ್ದರು. ನಾಯಕನ ಪಾತ್ರ ಕ್ರಿಶ್ಚಿಯನ್ ಬೇಲ್ ಅವರ ಪಾಲಾಯಿತು. ಆದರೆ ಆ ಟೆಸ್ಟ್ ನೋಡಿ ಮೆಚ್ಚಿದ ನೋಲನ್, ಮರ್ಫಿ ಅವರಿಗೆ ಖಳನ ಪಾತ್ರ ಕೊಟ್ಟರು. ನಾಯಕನ ಸ್ಥಾನ ಸಿಗಲು ಆರನೆಯ ಚಿತ್ರದವರೆಗೆ, ಸುಮಾರು ಎರಡು ದಶಕ ಕಾಯಬೇಕಾಯಿತು.

ಇಲ್ಲಿ ಹೊಸಬರು ಎಡವುವುದು ನಿರೀಕ್ಷೆಯಲ್ಲಿ. ‘ದ ಡಾರ್ಕ್ ನೈಟ್’, ‘ದ ಡಾರ್ಕ್ ನೈಟ್ ರೈಸಸ್’ ಎರಡರಲ್ಲೂ ಮರ್ಫಿ ಬಂದು ಹೋಗುವುದು ಕೆಲವೇ ನಿಮಿಷ. ಇದನ್ನು ಕ್ಯಾಮಿಯೊ ಎನ್ನುತ್ತಾರೆ, ಕನ್ನಡದಲ್ಲಿ ನಾವು ಹೇಳುವ ಅತಿಥಿ ಪಾತ್ರ. ಅವರಿಗಾಗಿಯೇ ಅವನ್ನು ನೋಡಬೇಕಾಗಿಲ್ಲ. ‘ಇನ್‌ಸೆಪ್ಷನ್’ ನೋಡಿ. ತಂದೆಯ ಪ್ರೀತಿ ತನಗೆ ಸಿಗಲಿಲ್ಲವೆಂದು ನಂಬಿದ ಶ್ರೀಮಂತ ವಾರಸುದಾರ ರಾಬರ್ಟ್ ಫಿಷರ್‌ನ ಮನಸ್ಸಿನೊಳಗೆ ಉಳಿದವರೆಲ್ಲ ನುಗ್ಗುತ್ತಾರೆ. ಕಥೆಯ ತಂತ್ರದಲ್ಲಿ ಅವನು ಕೇವಲ ಗುರಿ. ತಂದೆಯ ಮರಣಶಯ್ಯೆಯ ಬಳಿ ಅವನು ನಿಂತಾಗ ಮಾತ್ರ, ಅದು ಕನಸಿನೊಳಗಿನ ಏರ್ಪಾಡು ಎಂದು ಗೊತ್ತಿದ್ದೂ, ನಮ್ಮ ಕಣ್ಣು ಒದ್ದೆಯಾಗುತ್ತದೆ. ‘ಡನ್‌ಕರ್ಕ್’ನಲ್ಲಿ ಅವರ ಪಾತ್ರಕ್ಕೆ ಹೆಸರೂ ಇಲ್ಲ, ಯುದ್ಧದ ಆಘಾತದಿಂದ ನಡುಗುವ ಸೈನಿಕ ಎಂದಷ್ಟೇ.

ಹಂತ 6: ‘ಪೀಕಿ ಬ್ಲೈಂಡರ್ಸ್’ (2013–2022)

ಇದು ಬಿಬಿಸಿಯ ಸರಣಿ. 6 ಆವೃತ್ತಿಗಳು, ಪ್ರತಿಯೊಂದರಲ್ಲೂ 6 ಕಂತುಗಳಂತೆ ಒಟ್ಟು 36. ಸ್ಟೀವನ್ ನೈಟ್ ಬರೆದ ಕಥೆ 1919ರ ಬರ್ಮಿಂಗ್‌ಹ್ಯಾಮ್‌ನಲ್ಲಿ ತೊಡಗುತ್ತದೆ. ಮೊದಲ ಮಹಾಯುದ್ಧದಲ್ಲಿ ನೆಲದಡಿ ಸುರಂಗ ತೋಡುವ ಕೆಲಸ ಮಾಡಿ ಬಂದ ಥಾಮಸ್ ಶೆಲ್ಬಿ ಎಂಬವನು ತನ್ನ ಕುಟುಂಬದ ರೌಡಿ ಗುಂಪನ್ನು ಅಧಿಕಾರದ ಮೆಟ್ಟಿಲೇರಿಸುತ್ತಾನೆ. ಅದೇ ಹೆಸರಿನ ನಿಜವಾದ ಗುಂಪು ಆ ಊರಿನಲ್ಲಿದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಸರಣಿಯನ್ನು ಇತಿಹಾಸವೆಂದು ಓದಿಕೊಳ್ಳಬೇಡಿ.

ಇದನ್ನು ಆರನೆಯ ಹಂತಕ್ಕೆ ಇಟ್ಟದ್ದಕ್ಕೆ ಕಾರಣವಿದೆ. ಶೆಲ್ಬಿಯ ಟೋಪಿ, ಕೋಟು, ಸಿಗರೇಟು, ತಣ್ಣನೆಯ ನೋಟ ಇವೆಲ್ಲ ಜಾಲತಾಣಗಳಲ್ಲಿ ಚಿಕ್ಕ ತುಣುಕುಗಳಾಗಿ ಹರಿದಾಡುತ್ತವೆ. ನಮ್ಮ ಹುಡುಗರೂ ಅವನ್ನು ಗಂಡಸುತನದ ಮಾದರಿಯಾಗಿ ಹಂಚಿಕೊಳ್ಳುತ್ತಾರೆ. ಇದರಿಂದಲೇ ಆರಂಭಿಸಿದವರಿಗೆ ಮರ್ಫಿ ಎಂದರೆ ಶೆಲ್ಬಿ ಎಂದೇ ಆಗಿಬಿಡುತ್ತದೆ, ಕಿಟನ್ ಕಣ್ಣಿಗೇ ಬೀಳುವುದಿಲ್ಲ. ಡೇಮಿಯನ್‌ನನ್ನು ಮೊದಲು ಕಂಡವರಿಗೆ ಮಾತ್ರ ಶೆಲ್ಬಿ ಬೇರೆ ಬಗೆಯಾಗಿ ಕಾಣುತ್ತಾನೆ: ರಾತ್ರಿ ನಿದ್ದೆಯಿಲ್ಲದೆ ಗೋಡೆಯಾಚೆಯಿಂದ ಗುದ್ದಲಿಯ ಸದ್ದು ಕೇಳುವ, ಯುದ್ಧದಿಂದ ಪೂರ್ತಿ ಮರಳಿ ಬಾರದ ಮನುಷ್ಯ. ಅವನ ಮೌನ ಗತ್ತಲ್ಲ, ಗಾಯ.

ಎರಡು ಸೂಚನೆಗಳು. ಅವನ ಮಾತು ಐರಿಷ್ ಅಲ್ಲ, ಬರ್ಮಿಂಗ್‌ಹ್ಯಾಮ್‌ನದು. ಮರ್ಫಿ ಅದನ್ನು ಕಲಿತು ಆಡಿದ್ದಾರೆ. ಎಲ್ಲ 36 ಕಂತುಗಳಿಗೆ ಸಮಯವಿಲ್ಲದವರು ಮೊದಲ ಮೂರು ಆವೃತ್ತಿಗಳನ್ನು ನೋಡಿ ನಿಲ್ಲಿಸಬಹುದು. ಮೂರನೆಯದರ ನಿರ್ದೇಶಕ ಬೆಲ್ಜಿಯಂನ ಟಿಮ್ ಮೀಲಾಂಟ್ಸ್. ಈ ಹೆಸರನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಹಂತ 7: ‘ಓಪನ್‌ಹೈಮರ್’ ಅನ್ನು ಮತ್ತೊಮ್ಮೆ

ನೀವು ಇದನ್ನು ನೋಡಿಯೇ ಇರುತ್ತೀರಿ. ಈಗ ಮತ್ತೆ ನೋಡಿ, ಸಾಧ್ಯವಾದರೆ ದೊಡ್ಡ ತೆರೆಯಲ್ಲಿ. ಮೂರು ಗಂಟೆಯ ಈ ಚಿತ್ರದಲ್ಲಿ ಬಣ್ಣದ ಭಾಗಗಳು ಓಪನ್‌ಹೈಮರ್‌ನ ಕಣ್ಣಿನಿಂದ ಕಂಡವು; ಕಪ್ಪು ಬಿಳುಪಿನವು ಅವನ ಎದುರಾಳಿ ಲೂಯಿಸ್ ಸ್ಟ್ರಾಸ್‌ನ ಕಡೆಯಿಂದ ಹೇಳಿದವು. ಈ ಸೂತ್ರ ತಿಳಿಯದೆ ಹಲವರು ಕಪ್ಪು ಬಿಳುಪನ್ನು ಹಿಂದಿನ ಕಾಲವೆಂದು ತಪ್ಪು ತಿಳಿದು ಗೊಂದಲಕ್ಕೆ ಬೀಳುತ್ತಾರೆ. ವಾಸ್ತವದಲ್ಲಿ ಸ್ಟ್ರಾಸ್‌ನ ಸಚಿವ ಹುದ್ದೆಯ ಕುರಿತ 1959ರ ವಿಚಾರಣೆಯೇ ಕಥೆಯ ಮುಖ್ಯ ಕಾಲಘಟ್ಟಗಳಲ್ಲಿ ಕೊನೆಯದು; ಓಪನ್‌ಹೈಮರ್‌ನ ಭದ್ರತಾ ವಿಚಾರಣೆ ನಡೆದದ್ದು 1954ರಲ್ಲಿ, ಟ್ರಿನಿಟಿ ಎಂಬ ಮೊದಲ ಅಣುಬಾಂಬ್ ಪರೀಕ್ಷೆ 1945ರ ಜುಲೈ 16ರಂದು. ಈ ಮೂರು ದಿನಾಂಕಗಳನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡರೆ ಚಿತ್ರದ ಹೆಣಿಗೆ ಬಿಡಿಸಿಕೊಳ್ಳುತ್ತದೆ.

ಭಗವದ್ಗೀತೆಯ ಪ್ರಸ್ತಾಪದ ಬಗ್ಗೆ ನಮ್ಮ ಓದುಗರು ಸಹಜವಾಗಿ ಕೇಳುತ್ತಾರೆ. ಓಪನ್‌ಹೈಮರ್ ಬರ್ಕ್ಲಿಯಲ್ಲಿ ಆರ್ಥರ್ ರೈಡರ್ ಎಂಬ ವಿದ್ವಾಂಸರಿಂದ ಸಂಸ್ಕೃತ ಕಲಿತು ಗೀತೆಯನ್ನು ಮೂಲದಲ್ಲಿಯೇ ಓದಿದ್ದು ನಿಜ. ಬಾಂಬಿನ ಪರೀಕ್ಷೆಯ ಹೊತ್ತಿನಲ್ಲಿ ಅವರು ನೆನೆದೆನೆಂದ ಮಾತು ಹನ್ನೊಂದನೆಯ ಅಧ್ಯಾಯದ ವಿಶ್ವರೂಪ ದರ್ಶನದ 32ನೆಯ ಶ್ಲೋಕ. ಪಾತ್ರದ ಸಿದ್ಧತೆಗಾಗಿ ತಾವೂ ಗೀತೆಯನ್ನು ಓದಿದ್ದಾಗಿ ಮರ್ಫಿ ಹೇಳಿದ್ದಾರೆ. ಗೀತೆಯ ಸಾಲನ್ನು ಚಿತ್ರದಲ್ಲಿ ಬಳಸಿದ ಸಂದರ್ಭದ ಬಗ್ಗೆ ಬಿಡುಗಡೆಯ ಸಮಯದಲ್ಲಿ ನಮ್ಮಲ್ಲಿ ವಿವಾದ ಎದ್ದಿತ್ತು. ಅದು ಅನೇಕರಿಗೆ ಚಿತ್ರದ ಉಳಿದ ಭಾಗವನ್ನೇ ಮರೆಸಿತು. ಬಾಂಬ್ ಬಿದ್ದ ಸುದ್ದಿಯ ನಂತರ ಸಭಾಂಗಣದಲ್ಲಿ ಕಿಕ್ಕಿರಿದ ಜನರ ಎದುರು ಅವನು ಮಾಡುವ ಭಾಷಣವನ್ನು ಈ ಬಾರಿ ಗಮನವಿಟ್ಟು ನೋಡಿ. ಬಾಯಿ ಗೆಲುವಿನ ಮಾತನ್ನಾಡುತ್ತಿದೆ, ಕಣ್ಣು ಬೇರೇನನ್ನೋ ಕಾಣುತ್ತಿದೆ. ಬೆಟ್ಟದ ಮೇಲೆ ನಿಂತ ಡೇಮಿಯನ್‌ನನ್ನು ನೀವು ಅಲ್ಲಿ ಗುರುತಿಸುತ್ತೀರಿ. ಚಿತ್ರಕ್ಕೆ 7 ಆಸ್ಕರ್‌ಗಳು ಬಂದವು. ತಮ್ಮದನ್ನು ಮರ್ಫಿ ಜಗತ್ತಿನೆಲ್ಲೆಡೆ ಶಾಂತಿಗಾಗಿ ಶ್ರಮಿಸುವವರಿಗೆ ಅರ್ಪಿಸಿದರು.

ಹಂತ 8: ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’ (2024)

ಇಡೀ ದಾರಿ ಬಂದು ಸೇರುವುದು ಇಲ್ಲಿಗೆ. ಕ್ಲೇರ್ ಕೀಗನ್ ಅವರ ಪುಟ್ಟ ಕಾದಂಬರಿಯನ್ನು ಆಧರಿಸಿದ ಈ ಚಿತ್ರಕ್ಕೆ ಮರ್ಫಿ ನಿರ್ಮಾಪಕರಲ್ಲೊಬ್ಬರೂ ಹೌದು. ಚಿತ್ರಕಥೆ ಎಂಡ ವಾಲ್ಶ್ ಅವರದು. ನಾಯಕನ ಹೆಂಡತಿಯಾಗಿ ನಟಿಸಿದವರು ಐಲೀನ್ ವಾಲ್ಶ್. ನಿರ್ದೇಶನ ಟಿಮ್ ಮೀಲಾಂಟ್ಸ್. 1996ರಲ್ಲಿ ಕಾರ್ಕ್‌ನ ಪುಟ್ಟ ರಂಗದಲ್ಲಿ ಒಟ್ಟಾಗಿದ್ದ ನಾಟಕಕಾರ, ನಟ, ನಟಿ ಮೂವರೂ ಮಧ್ಯವಯಸ್ಸಿನಲ್ಲಿ, ಆಸ್ಕರ್‌ನ ಬೆಳಕಿನಲ್ಲಿ, ಮತ್ತೆ ಒಟ್ಟಾಗಿ ಮಾಡಿದ್ದು ಕಲ್ಲಿದ್ದಲು ವ್ಯಾಪಾರಿಯೊಬ್ಬನ ಕಥೆಯನ್ನು.

ನೋಡುವ ಮುನ್ನ ಒಂದು ಹಿನ್ನೆಲೆ ತಿಳಿದಿರಬೇಕು. ಮ್ಯಾಗ್ಡಲೀನ್ ಲಾಂಡ್ರಿಗಳೆಂದರೆ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಬಟ್ಟೆ ಒಗೆಯುವ ಆಶ್ರಮಗಳು. ಮದುವೆಯಿಲ್ಲದೆ ಬಸಿರಾದವರು, ಅನಾಥೆಯರು, ಮನೆಯವರಿಗೆ ಬೇಡವಾದ ಹೆಣ್ಣುಮಕ್ಕಳನ್ನು ಅಲ್ಲಿ ಕೂಡಿಹಾಕಿ ಸಂಬಳವಿಲ್ಲದೆ ದುಡಿಸಲಾಗುತ್ತಿತ್ತು. ಕೊನೆಯದು ಮುಚ್ಚಿದ್ದು 1996ರಲ್ಲಿ. 2013ರ ಫೆಬ್ರವರಿಯಲ್ಲಿ ಐರ್ಲೆಂಡ್‌ನ ಪ್ರಧಾನಿ ಎಂಡ ಕೆನಿ ಸರ್ಕಾರದ ಪರವಾಗಿ ಆ ಹೆಂಗಸರ ಕ್ಷಮೆ ಕೇಳಿದರು. ಇದೇ ವಿಷಯದ ಮೇಲೆ 2002ರಲ್ಲಿ ಬಂದ ‘ದ ಮ್ಯಾಗ್ಡಲೀನ್ ಸಿಸ್ಟರ್ಸ್’ ಚಿತ್ರದಲ್ಲಿ ಒಳಗೆ ಸಿಕ್ಕಿಬಿದ್ದ ಹುಡುಗಿಯರಲ್ಲೊಬ್ಬಳ ಪಾತ್ರ ಮಾಡಿದ್ದವರೂ ಐಲೀನ್ ವಾಲ್ಶ್. ಇಲ್ಲಿ ಅವರು ಆ ಗೋಡೆಯ ಹೊರಗೆ ನಿಂತು, ನಮಗೇಕೆ ಬೇಡದ ಉಸಾಬರಿ ಎನ್ನುವ ಗೃಹಿಣಿ. ಎರಡನ್ನೂ ನೋಡಿದರೆ ಈ ಆಯ್ಕೆಯ ತೂಕ ತಿಳಿಯುತ್ತದೆ.

1985ರ ಕ್ರಿಸ್‌ಮಸ್ ಹೊತ್ತು, ವೆಕ್ಸ್‌ಫರ್ಡ್ ಸೀಮೆಯ ನ್ಯೂ ರಾಸ್ ಪಟ್ಟಣ. ಐದು ಹೆಣ್ಣುಮಕ್ಕಳ ತಂದೆ ಬಿಲ್ ಫರ್ಲಾಂಗ್ ಸನ್ಯಾಸಿನಿಯರ ಮಠಕ್ಕೆ ಕಲ್ಲಿದ್ದಲು ಹಾಕಲು ಹೋದಾಗ ಕಾಣಬಾರದ್ದನ್ನು ಕಾಣುತ್ತಾನೆ. ಊರಿಗೆಲ್ಲ ಗೊತ್ತಿದ್ದೂ ಯಾರೂ ಆಡದ ಸಂಗತಿ ಅದು. ಮಠದ ಮುಖ್ಯಸ್ಥೆಯಾಗಿ ಎಮಿಲಿ ವಾಟ್ಸನ್ ಅವನಿಗೆ ಚಹಾ ಕೊಟ್ಟು, ಹೆಣ್ಣುಮಕ್ಕಳ ಶಾಲೆಯ ವಿಚಾರವೆತ್ತಿ, ದನಿಯೇರಿಸದೆ ಬೆದರಿಸುವ ದೃಶ್ಯ ಇಡೀ ಚಿತ್ರದ ನಡುಗಂಬ. ಈ ಪಾತ್ರಕ್ಕಾಗಿ ಅವರಿಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಪೋಷಕ ಪಾತ್ರದ ಬೆಳ್ಳಿ ಕರಡಿ ಪ್ರಶಸ್ತಿ ಸಂದಿತು. ಮರ್ಫಿ ಅವರ ಸಂಭಾಷಣೆ ಅತ್ಯಲ್ಪ. ದಿನವೂ ಮನೆಗೆ ಬಂದು ಕೈಯ ಮಸಿಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುವುದನ್ನೇ ನಾವು ಹಲವು ಸಲ ನೋಡುತ್ತೇವೆ. ಪ್ರತಿ ಸಲವೂ ಉಜ್ಜುವ ರೀತಿ ಬೇರೆ. ನನ್ನ ಮಟ್ಟಿಗೆ ಇದು ‘ಓಪನ್‌ಹೈಮರ್’ಗಿಂತ ದೊಡ್ಡ ಅಭಿನಯ.

ಎಚ್ಚರಿಕೆ: ಸುಮಾರು ಒಂದೂವರೆ ಗಂಟೆಯ ಈ ಚಿತ್ರವನ್ನು ಫೋನಿನಲ್ಲಿ, ಬಸ್ಸಿನಲ್ಲಿ, ತುಂಡು ತುಂಡಾಗಿ ನೋಡಬೇಡಿ. ಬೆಳಕು ಮಂದ, ದನಿ ಮೆಲ್ಲಗೆ. ಕತ್ತಲ ಕೋಣೆಯಲ್ಲಿ ಒಂದೇ ಸಲಕ್ಕೆ ಕುಳಿತು ನೋಡಿ.

ಸಮಯ ಕಡಿಮೆ ಇರುವವರಿಗೆ, ಮತ್ತು ಮುಂದಿನ ಚಿತ್ರ

ಮೂರು ಸಂಜೆಗಳಷ್ಟೇ ಇದ್ದರೆ 1, 4, 8ನೆಯ ಹಂತಗಳ ಮುಖ್ಯ ಚಿತ್ರಗಳು ಸಾಕು: ‘ದ ವಿಂಡ್ ದಟ್ ಶೇಕ್ಸ್ ದ ಬಾರ್ಲಿ’, ‘ಬ್ರೇಕ್‌ಫಾಸ್ಟ್ ಆನ್ ಪ್ಲೂಟೊ’, ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’. ಮೂರೂ ಐರ್ಲೆಂಡ್‌ನ ಬೇರೆ ಬೇರೆ ದಶಕಗಳ ಕಥೆಗಳಾದ್ದರಿಂದ ದೇಶದ ಚಿತ್ರವೂ ಜೊತೆಗೇ ಸಿಗುತ್ತದೆ. ಖಾಸಗಿ ಬದುಕಿನ ವಿವರ ಹುಡುಕುವವರಿಗೆ ಹೆಚ್ಚೇನೂ ದೊರೆಯುವುದಿಲ್ಲ. 2004ರಲ್ಲಿ ಕಲಾವಿದೆ ಇವಾನ್ ಮೆಕ್‌ಗಿನಿಸ್ ಅವರನ್ನು ಮದುವೆಯಾದ ಮರ್ಫಿ, 2015ರಲ್ಲಿ ಲಂಡನ್ ಬಿಟ್ಟು ಕುಟುಂಬದೊಂದಿಗೆ ಡಬ್ಲಿನ್‌ಗೆ ಮರಳಿದರು. ಕೆರಿ ಸೀಮೆಯ ಡಿಂಗಲ್ ಊರಿನಲ್ಲಿ ಮುಚ್ಚಿಹೋಗಿದ್ದ ಫೀನಿಕ್ಸ್ ಚಿತ್ರಮಂದಿರವನ್ನು ಮತ್ತೆ ತೆರೆಯಬೇಕೆಂದು ದಂಪತಿ ಅದನ್ನು ಕೊಂಡಿದ್ದಾರೆ. ಇದಕ್ಕಿಂತ ಹೆಚ್ಚು ಕೆದಕುವ ಅಗತ್ಯ ನನಗೆ ಕಾಣುವುದಿಲ್ಲ.

ಎಂಟೂ ಹಂತ ಮುಗಿಸಿದವರು ಮುಂದೆ 2025ರ ‘ಸ್ಟೀವ್’ ನೋಡಬಹುದು. ಅದು ನೆಟ್‌ಫ್ಲಿಕ್ಸ್‌ನಲ್ಲಿ ಬಂದಿದೆ. ನಿರ್ದೇಶಕರು ಮತ್ತೆ ಮೀಲಾಂಟ್ಸ್, ಬರೆದವರು ಎರಡನೆಯ ಹಂತದಲ್ಲಿ ಹೆಸರು ಬಂದ ಮ್ಯಾಕ್ಸ್ ಪೋರ್ಟರ್. ತೊಂಬತ್ತರ ದಶಕದ ಇಂಗ್ಲೆಂಡ್‌ನಲ್ಲಿ, ಬೇರೆಲ್ಲೂ ಸಲ್ಲದ ಹುಡುಗರಿಗಾಗಿ ಇರುವ ಶಾಲೆಯೊಂದರ ಮುಖ್ಯೋಪಾಧ್ಯಾಯನ ಒಂದು ದಿನದ ಕಥೆ. ಫರ್ಲಾಂಗ್‌ನ ಮೌನಕ್ಕೆ ಒಗ್ಗಿಹೋದ ಮೇಲೆ ಇದರ ಗದ್ದಲ ಮೊದಲಿಗೆ ಇರಿಸುಮುರಿಸೆನಿಸಬಹುದು. ಇಪ್ಪತ್ತು ನಿಮಿಷ ತಾಳಿಕೊಳ್ಳಿ. ಮರ್ಫಿ ಇಲ್ಲಿ ಬಿಡುವಿಲ್ಲದೆ ಮಾತನಾಡುತ್ತಾರೆ, ಓಡಾಡುತ್ತಾರೆ, ತಪ್ಪುತ್ತಾರೆ, ಮತ್ತೆ ಆ ಹುಡುಗರ ಬಳಿಗೇ ಹೋಗುತ್ತಾರೆ.